ಕೌನ್ಸಿಲ್ ನೋಂದಣಿ ಇದ್ದಮೇಲೂ ಆರ್ಕಿಟೆಕ್ಟ್‌ಗಳು ಐಐಎ (ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆರ್ಕಿಟೆಕ್ಟ್ಸ್) ಕರ್ನಾಟಕ ಚಾಪ್ಟರ್‌ಗೆ ಸೇರಬೇಕೇ?
ಕಡ್ಡಾಯವೇನಿಲ್ಲ. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯಡಿ 'ಆರ್ಕಿಟೆಕ್ಟ್' ಎಂದು ಹಾಕಿಕೊಳ್ಳಲು ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ನೋಂದಣಿ ಸಾಕು. ಐಐಎ ಸ್ವಯಂಪ್ರೇರಿತ ಸಂಘ. 1917ರಲ್ಲಿ ಮುಂಬೈನ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನ ಹಳೆ ವಿದ್ಯಾರ್ಥಿಗಳು ಕಟ್ಟಿದ ಕೂಟದಿಂದ ಬೆಳೆದದ್ದು. ಕೌನ್ಸಿಲ್ ವೃತ್ತಿಯನ್ನೂ ಶಿಕ್ಷಣವನ್ನೂ ನಿಯಂತ್ರಿಸುತ್ತದೆ, ಸಂಘ ವೃತ್ತಿಯವರ ಪರ ಮಾತಾಡುತ್ತದೆ. ಕಟ್ಟಡ ಬೈಲಾದ ಕರಡು ಬಂದಾಗ ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಜಾಗ), ಎಫ್‌ಎಆರ್ (ನಿವೇಶನದ ಅಳತೆಗೆ ಎಷ್ಟು ಪಟ್ಟು ಕಟ್ಟಬಹುದು ಎಂಬ ಮಿತಿ) ಬಗ್ಗೆ ಒಬ್ಬರೇ ಬರೆಯುವ ಆಕ್ಷೇಪಣೆಗೂ ಚಾಪ್ಟರ್ ಲೆಟರ್‌ಹೆಡ್‌ನಲ್ಲಿ ಹೋಗುವ ಪತ್ರಕ್ಕೂ ತೂಕ ಬೇರೆ. ಹಳೆ ಕಟ್ಟಡ ಉಳಿಸುವ ವಿಷಯದಲ್ಲೂ ಅಷ್ಟೇ. ಉಪನ್ಯಾಸ, ಪ್ರಶಸ್ತಿ ಇದ್ದದ್ದೇ.

ಆದರೆ ಶುಲ್ಕ ಕಟ್ಟಿ ಸುಮ್ಮನಿದ್ದರೆ ಸಿಗುವುದು ಹೆಸರಿನ ಪಕ್ಕದ 'AIIA' ಎಂಬ ನಾಲ್ಕಕ್ಷರ ಮಾತ್ರ. ಯಾವುದಾದರೂ ಉಪಸಮಿತಿಯಲ್ಲಿ ಕೆಲಸ ಕೇಳಿ, ಚುನಾವಣೆಯಲ್ಲಿ ಮತ ಹಾಕಿ. ಬೆಂಗಳೂರಿನಾಚೆ ಇದ್ದರೆ ಮೈಸೂರು, ಮಂಗಳೂರಿನಂಥ ಸ್ಥಳೀಯ ಸೆಂಟರ್‌ಗಳಿಂದ ಶುರುಮಾಡುವುದು ಸುಲಭ.