ಯಾರ್ಕ್‌ನಲ್ಲಿ ಎಲೆಯುದುರುವ ಕಾಲ

ಪ್ರಶ್ನೆ: ಮಗಳು ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಓದುತ್ತಿದ್ದಾಳೆ. ಅಕ್ಟೋಬರ್ ಕೊನೆಗೆ ನಾವಿಬ್ಬರೂ ಹೋಗುವವರಿದ್ದೇವೆ. ಅಲ್ಲಿ ಏನೇನು ನೋಡಬಹುದು?
– ಓದುಗರೊಬ್ಬರು, ಚಿಕ್ಕಬಳ್ಳಾಪುರ

ಉತ್ತರ: ಮೊದಲು ಕೋಟೆಗೋಡೆಯ ಮೇಲೆ ನಡೆಯಿರಿ. ಸುಮಾರು 3.4 ಕಿ.ಮೀ. ಉದ್ದದ ಈ ಗೋಡೆಯನ್ನು ಹತ್ತಲು ಶುಲ್ಕವಿಲ್ಲ. ಆದರೆ ಕೆಲವೆಡೆ ಒಳಬದಿಗೆ ಕಂಬಿಯಿಲ್ಲದಿರುವುದರಿಂದ, ಉದುರಿದ ಎಲೆಗಳು ಮಳೆಗೆ ನೆನೆದು ಕಲ್ಲಿಗೆ ಅಂಟಿಕೊಂಡಿರುವಾಗ ಹೆಜ್ಜೆ ನೋಡಿ ಇಡಬೇಕು. ಯಾರ್ಕ್ ಮಿನ್‌ಸ್ಟರ್ ಚರ್ಚಿಗೆ ಬೆಳಗ್ಗೆಯೇ ಹೋಗುವುದು ಒಳ್ಳೆಯದು. ಜಾನ್ ಥಾರ್ನ್‌ಟನ್ 1405ರಿಂದ 1408ರವರೆಗೆ ರೂಪಿಸಿದ ಬಣ್ಣದ ಗಾಜಿನ ಮಹಾಕಿಟಕಿ ಪೂರ್ವಕ್ಕೆ ಮುಖಮಾಡಿದೆ, ಎಳೆಬಿಸಿಲು ಬಿದ್ದಾಗ ಅದರ ನೀಲಿ, ಕೆಂಪುಗಳು ಬೆಳಗುತ್ತವೆ. ನಡುಗೋಪುರಕ್ಕೆ 275 ಮೆಟ್ಟಿಲುಗಳಿವೆ. ನಂದಿಬೆಟ್ಟ ಹತ್ತಿದವರಿಗೆ ಅದೇನೂ ಹೆಚ್ಚಲ್ಲ, ಆದರೆ ಸುರುಳಿ ಮೆಟ್ಟಿಲು ಬಹಳ ಇಕ್ಕಟ್ಟು. ಮಳೆ ಹಿಡಿದರೆ ಪ್ರವೇಶ ಶುಲ್ಕವಿಲ್ಲದ ರೈಲ್ವೆ ವಸ್ತುಸಂಗ್ರಹಾಲಯವಿದೆ. 1938ರಲ್ಲಿ ಗಂಟೆಗೆ ಸುಮಾರು 203 ಕಿ.ಮೀ. ವೇಗದಲ್ಲಿ ಓಡಿದ ಉಗಿಬಂಡಿ ‘ಮಲ್ಲಾರ್ಡ್’ ಅಲ್ಲಿನದೇ. ಊರ ಹೊರಗೆ ಒಂದೇ ಕಡೆ ಹೋಗುವುದಾದರೆ, ನನ್ನ ಆಯ್ಕೆ ಸುಮಾರು 24 ಕಿ.ಮೀ. ದೂರದ ಕ್ಯಾಸಲ್ ಹೋವರ್ಡ್ ಎಂಬ ಅರಮನೆಯಂಥ ಹಳೆಯ ಮಹಲು. ಅಲ್ಲಿನ ಕೆರೆಯಂಚಿನ ಮರಗಳು ಆ ವೇಳೆಗೆ ಹೊಂಬಣ್ಣಕ್ಕೆ ತಿರುಗಿರುತ್ತವೆ. ಅಕ್ಟೋಬರ್ ಕೊನೆಯ ಭಾನುವಾರ ಇಂಗ್ಲೆಂಡಿನಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಆಮೇಲೆ ಸಂಜೆ ನಾಲ್ಕೂವರೆಯ ಸುಮಾರಿಗೇ ಸೂರ್ಯ ಮುಳುಗುವುದರಿಂದ, ಹೊರಗಿನ ತಿರುಗಾಟವನ್ನು ಬೆಳಗ್ಗೆಯೇ ಆರಂಭಿಸಿ.