ಹತ್ತು ನಿಮಿಷದ ಅಂತರ

ಪ್ರಿಯ ಓದುಗರೇ,

ನಿಮ್ಮ ಜೀನ್ ಚಿಕಿತ್ಸೆಯ (ರೋಗಿಯ ಜೀವಕೋಶಗಳಿಗೆ ಸರಿಯಾದ ಜೀನ್ ಸೇರಿಸಿ ಗುಣಪಡಿಸುವ ವಿಧಾನದ) ಪ್ರಯೋಗಕ್ಕೆ ಎಂಟು ತಿಂಗಳಾದರೂ ಅನುಮತಿ ಬಂದಿಲ್ಲ ಎಂದು ಬರೆದಿದ್ದೀರಿ. ‘ಈ ನಿಯಮಗಳನ್ನೆಲ್ಲ ಕಿತ್ತು ಹಾಕಿ, ವಿಜ್ಞಾನ ತಾನಾಗಿಯೇ ಓಡುತ್ತದೆ’ ಎಂಬುದು ನಿಮ್ಮ ಪತ್ರದ ಕೊನೆಯ ಸಾಲು. ನಿಮ್ಮ ಸಿಟ್ಟು ಅರ್ಥವಾಗುತ್ತದೆ. ನಿಮ್ಮ ಜೊತೆ ರೋಗಿಗಳೂ ಕಾಯುತ್ತಿದ್ದಾರೆ, ಅಲ್ವಾ? ಆದರೂ ಆ ಕೊನೆಯ ಸಾಲನ್ನು ನಾನು ಒಪ್ಪಲಾರೆ.

2006ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಟಿಜಿಎನ್ 1412 ಎಂಬ ಹೊಸ ಔಷಧವನ್ನು ಮೊದಲ ಸಲ ಮನುಷ್ಯರ ಮೇಲೆ ಪರೀಕ್ಷಿಸಿದರು. ಆರು ಮಂದಿ ಗಟ್ಟಿಮುಟ್ಟಾದ ಯುವಕರು. ಪ್ರಾಣಿಗಳಿಗೆ ಸುರಕ್ಷಿತ ಎಂದು ಕಂಡ ಪ್ರಮಾಣದ 500ರಲ್ಲಿ ಒಂದು ಪಾಲು ಮಾತ್ರ ಕೊಟ್ಟಿದ್ದರು. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಸುಮಾರು 10 ನಿಮಿಷ, ಅಷ್ಟೇ. ಒಂದೂವರೆ ಗಂಟೆಯೊಳಗೆ ಆರೂ ಮಂದಿ ತಲೆನೋವು, ಬೆನ್ನುನೋವು ಎಂದು ನರಳತೊಡಗಿದರು. ಆಮೇಲೆ ಅಂಗಾಂಗಗಳೇ ಕೈಕೊಡತೊಡಗಿದವು. ಜೀವ ಉಳಿಯಿತು ಅನ್ನುವುದೇ ಸಮಾಧಾನ. ಮೊದಲನೆಯವರನ್ನು ನೋಡಿ ಉಳಿದವರನ್ನು ಕಾಪಾಡಲು ಹೊತ್ತೇ ಇರಲಿಲ್ಲ.

ಆಗ ಇಂಥ ಪ್ರಯೋಗಗಳನ್ನೇ ನಿಲ್ಲಿಸಿಬಿಡಬಹುದಿತ್ತು. ನಿಲ್ಲಿಸಲಿಲ್ಲ. 2007ರಲ್ಲಿ ಯುರೋಪಿನ ನಿಯಂತ್ರಕರು ಹೊಸ ಮಾರ್ಗಸೂಚಿ ತಂದರು. ಮೊದಲು ಒಬ್ಬರಿಗೆ ಕೊಡಿ, ಕಾದು ನೋಡಿ, ಆಮೇಲೆ ಮುಂದಿನವರಿಗೆ. ಪ್ರಾಣಿಗಳ ಲೆಕ್ಕವನ್ನಷ್ಟೇ ನಂಬಿ ಪ್ರಮಾಣ ನಿರ್ಧರಿಸಬೇಡಿ. ಇಂಥ ನಿಯಮ ಇರುವುದರಿಂದಲೇ ಅಪಾಯದ ಔಷಧವನ್ನೂ ಧೈರ್ಯವಾಗಿ ಪರೀಕ್ಷಿಸಲು ಆಗುತ್ತದೆ.

ನಿಯಮ ಯಾವಾಗಲೂ ಹೊರಗಿನವರು ಹೇರಿದ್ದೂ ಅಲ್ಲ. 1974ರಲ್ಲಿ ಡಿಎನ್ಎ ಕತ್ತರಿಸಿ ಜೋಡಿಸುವ ಕೆಲವು ಪ್ರಯೋಗಗಳನ್ನು ಸದ್ಯಕ್ಕೆ ನಿಲ್ಲಿಸೋಣ ಎಂದು ಕೇಳಿದವರು ವಿಜ್ಞಾನಿಗಳೇ. ಮರುವರ್ಷ ಅಮೆರಿಕದ ಕ್ಯಾಲಿಫೋರ್ನಿಯಾದ ಅಸಿಲೊಮಾರ್‌ನಲ್ಲಿ ಸಭೆ ಕೂತು, ಅಪಾಯ ಎಷ್ಟೋ ಕಟ್ಟುನಿಟ್ಟೂ ಅಷ್ಟೇ ಇರಲಿ ಎಂದು ತೀರ್ಮಾನಿಸಿದರು. ಲ್ಯಾಬಿನಲ್ಲಿ ಕೊಡುವ ವಿಶೇಷ ಆಹಾರ ಸಿಗದಿದ್ದರೆ ಸತ್ತೇ ಹೋಗುವ, ಅಂದರೆ ತಪ್ಪಿಸಿಕೊಂಡರೂ ಹೊರಗೆ ಬದುಕದ ಬ್ಯಾಕ್ಟೀರಿಯಾವನ್ನು ಆಗ ಬೇಕೆಂದೇ ತಯಾರಿಸಿದರು. ನನಗೆ ತುಂಬಾ ಇಷ್ಟವಾದ ಕಥೆ ಇದು. ಸುರಕ್ಷತೆಯ ಚಿಂತೆಯೇ ಹೊಸ ಶೋಧಕ್ಕೆ ದಾರಿಯಾಯಿತು. 1982ರ ಹೊತ್ತಿಗೆ, ಹೀಗೆ ಡಿಎನ್ಎ ಜೋಡಿಸಿದ ಬ್ಯಾಕ್ಟೀರಿಯಾದಿಂದ ತಯಾರಾದ ಇನ್ಸುಲಿನ್‌ಗೆ ಅನುಮತಿಯೂ ಸಿಕ್ಕಿತು.

ನಿಮ್ಮ ಕ್ಷೇತ್ರದ ನೋವು ನಿಮಗೇ ಜಾಸ್ತಿ ಗೊತ್ತು. 1999ರಲ್ಲಿ ಜೀನ್ ಚಿಕಿತ್ಸೆಯ ಪ್ರಯೋಗದಲ್ಲಿ 18 ವರ್ಷದ ಜೆಸ್ಸಿ ಗೆಲ್ಸಿಂಗರ್ ತೀರಿಕೊಂಡ. ಆ ಒಂದು ಸಾವಿನಿಂದ ಇಡೀ ಕ್ಷೇತ್ರ ವರ್ಷಗಟ್ಟಲೆ ಹಿಂದೆ ಬಿತ್ತು.

ಹಾಗಂತ ನಿಮ್ಮ ಎಂಟು ತಿಂಗಳು ಸರಿ ಎಂದು ನಾನು ಹೇಳುತ್ತಿಲ್ಲ. ಒಂದೇ ಕಾಗದವನ್ನು ಮೂರು ಕಡೆ ಕೇಳುವುದು ಸುರಕ್ಷತೆ ಅಲ್ಲ, ಸುಮ್ನೆ ಕಾಯಿಸುವುದು. ಕೋವಿಡ್ ಲಸಿಕೆಗಳ ಕಾಲದಲ್ಲಿ ನಿಯಂತ್ರಕರು ಮಾಹಿತಿ ಬಂದಂತೆ ಬಂದಂತೆ ಓದಿದರು, ಇಡೀ ಕಟ್ಟು ಬರಲಿ ಎಂದು ಕೂರಲಿಲ್ಲ. ಉಳಿದ ಚಿಕಿತ್ಸೆಗಳಿಗೂ ಹಾಗೇ ಮಾಡಬೇಕು. ಕಡಿಮೆ ಅಪಾಯದ ಕೆಲಸ ಬೇಗ ಮುಗಿಯಬೇಕು. ಉತ್ತರಕ್ಕೊಂದು ಗಡುವು ಇರಬೇಕು.

ಅನುಮತಿ ಕೊಡುವ ಸಮಿತಿ ಕೇಳಿದ ಪ್ರಶ್ನೆಗಳನ್ನು ನನಗೆ ಕಳಿಸಿ. ಯಾವುದು ರೋಗಿಯನ್ನು ಕಾಪಾಡುವ ಪ್ರಶ್ನೆ, ಯಾವುದು ಬರೀ ಕಾಗದದ ಕೆಲಸ ಎಂದು ನೀವೇ ಗುರುತು ಹಾಕಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಜಾಗ ಇಟ್ಟಿರುತ್ತೇನೆ.

– ಸಂಪಾದಕ