ಆ ಮೆಸೇಜ್ ಯಾರಿಗೆ ಬರೆದಿದ್ದು? – ಒಂದು ಆಪ್ತಸಲಹೆ ಪ್ರಕರಣ

ಈ ಕೇಸ್ ಬರೀಬೇಕೋ ಬೇಡ್ವೋ ಅಂತ ತುಂಬಾ ದಿನ ಯೋಚನೆ ಮಾಡಿದೆ. ಕೊನೆಗೆ ಬರೆಯೋಣ ಅನ್ಸಿದ್ದು ಯಾಕಂದ್ರೆ ನನ್ನ ಹತ್ರ ಇದೇ ಥರ ಬಂದಿರೋ ಫುಟ್‌ಬಾಲ್ ಅಭಿಮಾನಿಗಳಲ್ಲಿ ಇವನು ನಾಲ್ಕನೆಯವನು. ಟೀಮ್ ಬೇರೆ, ಪ್ಲೇಯರ್ ಬೇರೆ, ಕಥೆ ಮಾತ್ರ ಅದೇ. ಅವನ ಒಪ್ಪಿಗೆ ತಗೊಂಡೇ ಬರೀತಿದೀನಿ, ವಯಸ್ಸು ಕೆಲಸ ಎಲ್ಲ ಸ್ವಲ್ಪ ಬದಲಾಯಿಸಿದೀನಿ, ಟೀಮ್ ಹೆಸರಾಗಲಿ ಆ ಪ್ಲೇಯರ್ ಹೆಸರಾಗಲಿ ಹೇಳಲ್ಲ. ನನಗಿಂತ ತುಂಬಾ ಚಿಕ್ಕವನು, ಹಾಗಾಗಿ ಹುಡುಗ ಅಂತಾನೇ ಬರೀತೀನಿ.

ಮದುವೆಯಾಗಿ ಎರಡು ವರ್ಷ, ಸೇಲ್ಸ್ ಕೆಲಸ. ಹೆಂಡತಿ ಬಲವಂತ ಮಾಡಿ ಕಳಿಸಿದ್ದು. ಟೀಮ್ ಸೋತ್ರೆ ಎರಡು ದಿನ ಮನೇಲಿ ಮಾತಿಲ್ಲ, ನಿದ್ದೆ ಇಲ್ಲ, ರಾತ್ರಿಯೆಲ್ಲಾ ಫೋನ್ ಹಿಡ್ಕೊಂಡು ಕೂತಿರ್ತಾರೆ ಅನ್ನೋದು ಅವಳ ದೂರು. ಮೊದಲ ಎರಡು ಸೆಷನ್ ನಿದ್ದೆ, ಸಿಟ್ಟು ಇಷ್ಟರಲ್ಲೇ ಹೋಯ್ತು. ಮೂರನೇ ಸೆಷನ್ನಲ್ಲಿ ರಾತ್ರಿಯೆಲ್ಲಾ ಫೋನಲ್ಲಿ ಏನ್ ಮಾಡ್ತೀರಿ ಅಂತ ಕೇಳಿದೆ. ತಲೆ ತಗ್ಗಿಸಿಕೊಂಡು, "ಮೆಸೇಜ್ ಹಾಕ್ತೀನಿ ಮೇಡಂ" ಅಂದ. ಯಾರಿಗೆ? ಟೀಮಿನ ಸ್ಟ್ರೈಕರ್‌ಗೆ, ಅಂದ್ರೆ ಗೋಲ್ ಹೊಡೆಯೋದೇ ಕೆಲಸ ಆಗಿರೋನಿಗೆ. ಹೊಸದಾಗಿ ಬಂದವನಂತೆ, ದೊಡ್ಡ ದುಡ್ಡಿಗೆ ತಗೊಂಡಿದ್ರಂತೆ, ಹನ್ನೊಂದು ಮ್ಯಾಚಾದ್ರೂ ಒಂದೂ ಗೋಲ್ ಇಲ್ಲ.

ಯಾವುದಾದ್ರೂ ಒಂದು ಮೆಸೇಜ್ ಓದಿ ಅಂದೆ.

ಫೋನ್ ತೆಗೆದ. ಮೊದಲ ಸಾಲು ಜೋರಾಗೇ ಓದಿದ, ಸ್ವಲ್ಪ ನಗು ಕೂಡ ಇತ್ತು ಮುಖದಲ್ಲಿ. ಎರಡನೇ ಸಾಲಿಗೆ ಸ್ವರ ಇಳೀತು. ಮೂರನೇ ಸಾಲು ಆ ಪ್ಲೇಯರ್ ಅಮ್ಮನ ಬಗ್ಗೆ ಇತ್ತು, ಅದನ್ನ ಓದೋಕೆ ಅವನಿಂದ ಆಗ್ಲಿಲ್ಲ. ಫೋನ್ ಮಗುಚಿ ತೊಡೆ ಮೇಲಿಟ್ಟುಕೊಂಡು, "ಇದೆಲ್ಲಾ ಅವನು ಓದಿರಲ್ಲ ಬಿಡಿ ಮೇಡಂ, ಸಾವಿರಾರು ಮೆಸೇಜ್ ಬರತ್ತೆ ಅವ್ರಿಗೆ" ಅಂದ.

"ಓದಲ್ಲ ಅಂತ ಗೊತ್ತಿದ್ರೆ ಯಾರಿಗೋಸ್ಕರ ಬರೆದ್ರಿ? ಓದಲಿ ಅಂತಾನೇ ಬರೆದಿದ್ರೆ, ಓದಿದ್ಮೇಲೆ ಏನಾಗ್ಬೇಕಿತ್ತು?"

ಸುಮ್ನೆ ಕೂತ. ಆಮೇಲೆ, "ನಾಚಿಕೆ ಆಗ್ಬೇಕು ಅವನಿಗೆ" ಅಂದ.

"ನಾಚಿಕೆ ಆದ್ರೆ ಗೋಲ್ ಹೊಡೀತಾನಾ?"

ಇಲ್ಲಿಂದ ಮುಂದಿನ ಹದಿನೈದು ನಿಮಿಷವೇ ಈ ಕೇಸ್. ಅವನು ಉತ್ತರ ಹೇಳೋ ಬದಲು ತನ್ನ ಆಫೀಸ್ ಕಥೆ ಶುರು ಮಾಡಿದ, ನಾನು ಕೇಳೂ ಇರ್ಲಿಲ್ಲ. ಆರು ತಿಂಗಳ ಹಿಂದೆ ರಿವ್ಯೂ ಮೀಟಿಂಗಲ್ಲಿ ಎಲ್ಲರ ಮುಂದೆ ಸ್ಕ್ರೀನ್ ಮೇಲೆ ಅವನ ಹೆಸರನ್ನ ಕೆಂಪಗೆ ಮಾಡಿ ತೋರಿಸಿದ್ರಂತೆ, ಟಾರ್ಗೆಟ್ ಮುಟ್ಟದೇ ಇರೋರ ಪಟ್ಟೀಲಿ ಮೊದಲನೇದು. ಅವತ್ತಿಂದ ಏನಾಯ್ತು ಅಂತ ಕೇಳಿದೆ. ಒಂದು ಮೇಲ್ ಕಳಿಸೋಕೆ ಮುಂಚೆ ಆರಾರು ಸಲ ಓದ್ತಿದ್ನಂತೆ, ಆದ್ರೂ ತಪ್ಪು ಹೋಗ್ತಿತ್ತು. ಕಸ್ಟಮರ್ ಫೋನ್ ಎತ್ತಿದ್ರೆ ಗಂಟಲು ಒಣಗ್ತಿತ್ತು, ದಿನಾ ಸಲೀಸಾಗಿ ಹೇಳ್ತಿದ್ದ ಮಾತು ಬಾಯಿಗೇ ಬರ್ತಿರ್ಲಿಲ್ಲ. ಕೊನೆಗೆ ಹೊಸ ಕಸ್ಟಮರ್‌ಗಳಿಗೆ ಫೋನ್ ಮಾಡೋದೇ ಕಮ್ಮಿ ಮಾಡಿದ, ಮಾಡಿದ್ರೆ ತಾನೇ ಬೇಡ ಅನ್ನೋದು. ಮುಂದಿನ ತಿಂಗಳು ನಂಬರ್ ಇನ್ನೂ ಕೆಳಗೆ ಹೋಯ್ತು.

ಹೇಳ್ತಾ ಹೇಳ್ತಾ ಅವನೇ ನಿಂತ. "ಅವನೂ ಈಗ ಶಾಟ್ ಹೊಡೆಯಲ್ಲ ಮೇಡಂ. ಮುಂಚೆ ಎಲ್ಲಿಂದ ಬೇಕಾದ್ರೂ ಹೊಡೀತಿದ್ದ, ಈಗ ಬಾಲ್ ಬಂದ ತಕ್ಷಣ ಪಕ್ಕದವನಿಗೆ ಕೊಟ್ಬಿಡ್ತಾನೆ."

ಆಮೇಲೆ ಯಾವುದೋ ಮೆಸೇಜ್ ಡಿಲೀಟ್ ಮಾಡೋಣ ಅಂತ ಫೋನ್ ತಿರುಗಿಸಿದ, ಮೇಲೆ ಸ್ಕ್ರಾಲ್ ಮಾಡ್ತಾ ಹೋದವನು ಒಂದು ಕಡೆ ಬೆರಳು ನಿಲ್ಲಿಸಿ ನನ್ನ ಕಡೆ ಹಿಡಿದ. ಒಂದು ಮೆಸೇಜ್ ಕೆಳಗೆ ಚಿಕ್ಕ ಅಕ್ಷರದಲ್ಲಿ 'ಸೀನ್' ಅಂತ ಇತ್ತು. ಆ ಪ್ಲೇಯರೇ ನೋಡಿದ್ನೋ, ಅವನ ಅಕೌಂಟ್ ನೋಡ್ಕೊಳ್ಳೋರು ನೋಡಿದ್ರೋ ಯಾರಿಗೆ ಗೊತ್ತು. ಆದ್ರೆ ಯಾರೋ ಒಬ್ಬ ಮನುಷ್ಯ ಅದನ್ನ ತೆಗೆದು ಓದಿದಾನೆ ಅನ್ನೋದು ಮಾತ್ರ ಅಲ್ಲಿತ್ತು. ಆ ಹುಡುಗನ ಮುಖ ನಾನು ಮರೆಯಲ್ಲ.

ಇಲ್ಲೊಂದು ಮಾತು ಹೇಳಲೇಬೇಕು. ಭಯ ಆದಾಗ ನಮ್ಮ ಗಮನ ಕೆಲಸದ ಮೇಲಿಂದ ನಮ್ಮ ಮೇಲೇ ತಿರುಗತ್ತೆ. ವರ್ಷಗಟ್ಟಲೆ ಅಭ್ಯಾಸ ಮಾಡಿ ಕಾಲಿಗೆ ತಾನಾಗೇ ಬರೋ ಹಾಗೆ ಮಾಡ್ಕೊಂಡಿರೋ ಕೆಲಸವನ್ನ ಮನಸ್ಸು ಮಧ್ಯೆ ಬಂದು ಹಿಡ್ಕೊಳ್ಳತ್ತೆ, ಕಾಲು ಎಲ್ಲಿಡ್ಲಿ, ಮಿಸ್ ಆದ್ರೆ ಏನಂತಾರೆ, ಅಂತ. ಅರ್ಧ ಸೆಕೆಂಡ್ ತಡ ಆಗತ್ತೆ. ಫುಟ್‌ಬಾಲಲ್ಲಿ ಅರ್ಧ ಸೆಕೆಂಡ್ ಅಂದ್ರೆ ಡಿಫೆಂಡರ್ ಬಂದು ಮುಂದೆ ನಿಂತಾಯ್ತು. ಅಂದ್ರೆ ನಾವು ಬೈದು ಸರಿ ಮಾಡ್ತೀವಿ ಅಂದ್ಕೊಂಡಿರೋದು ಯಾವುದೋ ಅದನ್ನ ನಮ್ಮ ಬೈಗುಳವೇ ಕೆಡಿಸ್ತಿರತ್ತೆ. ಪಾಪ ಅನ್ನಿ ಅಂತ ನಾನು ಕೇಳ್ತಿಲ್ಲ, ನಿಮ್ಮ ಟೀಮ್ ಗೆಲ್ಲಬೇಕು ಅನ್ನೋ ಆಸೆ ಇದ್ರೂ ಸಾಕು ತಾಳ್ಮೆ ಬೇಕಾಗತ್ತೆ.

ಮುಂದಿನ ಸೆಷನ್‌ಗೆ ಅವನು ವಾದ ತಯಾರು ಮಾಡ್ಕೊಂಡು ಬಂದಿದ್ದ, ಒಳ್ಳೇದೇ. "ಕೋಟಿ ಕೋಟಿ ಸಂಬಳ ತಗೋತಾರೆ ಮೇಡಂ, ಇಷ್ಟೂ ತಡ್ಕೊಳ್ಳೋಕಾಗಲ್ವಾ?" ನಾಲ್ಕು ಜನಾನೂ ಕೇಳಿರೋ ಪ್ರಶ್ನೆ ಇದು. ಸಂಬಳ ಕೊಡೋದು ಆಡೋಕೆ, ಅವ್ರಮ್ಮನ ಬಗ್ಗೆ ಬರೆಸಿಕೊಳ್ಳೋಕಲ್ಲ ಅಂದೆ. ಆಮೇಲೆ ನನಗೆ ಗೊತ್ತಿರೋ ಎರಡು ಮೂರು ಜನರ ವಿಷಯ ಹೇಳಿದೆ.

ಲೋರಿಸ್ ಕಾರಿಯಸ್ ಹೆಸರು ಹೇಳಿದ ತಕ್ಷಣ ಅವನಿಗೆ ನಗು ಬಂತು, ಆ ವಿಡಿಯೋ ಎಷ್ಟು ಸಲ ಫಾರ್ವರ್ಡ್ ಮಾಡಿದೀನೋ ಅಂದ. 2018ರ ಮೇ 26, ಕೀವ್‌ನಲ್ಲಿ ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಫೈನಲ್. ಲಿವರ್‌ಪೂಲ್ ಗೋಲ್‌ಕೀಪರ್ ಆಗಿದ್ದ ಕಾರಿಯಸ್ ಎಸೆದ ಬಾಲ್ ಎದುರಾಳಿ ಟೀಮಿನ ಬೆಂಜೆಮಾ ಕಾಲಿಗೆ ತಗಲಿ ಗೋಲಾಯ್ತು, ಆಮೇಲೆ ಅದೇ ಟೀಮಿನ ಬೇಲ್ ದೂರದಿಂದ ಹೊಡೆದದ್ದು ಕೈಯಿಂದ ಜಾರಿ ಒಳಗೆ ಹೋಯ್ತು, ರಿಯಲ್ ಮ್ಯಾಡ್ರಿಡ್ 3-1ರಲ್ಲಿ ಗೆದ್ದಿತು. ಮ್ಯಾಚ್ ಮುಗಿದ್ಮೇಲೆ ಅಳ್ತಾ ಅಭಿಮಾನಿಗಳ ಮುಂದೆ ಹೋಗಿ ಕೈ ಮುಗಿದು ನಿಂತಿದ್ದ. ಕೊಲೆ ಬೆದರಿಕೆಗಳು ಬಂದ್ವು. ಕೆಲವು ದಿನ ಆದ್ಮೇಲೆ ಅಮೆರಿಕದ ಬಾಸ್ಟನ್‌ನಲ್ಲಿ ಡಾಕ್ಟರ್‌ಗಳು ಪರೀಕ್ಷೆ ಮಾಡಿ, ಮ್ಯಾಚಿನ ಮಧ್ಯೆ ತಲೆಗೆ ಪೆಟ್ಟು ಬಿದ್ದು ಮಿದುಳಿಗೆ ಆಘಾತ ಆಗಿರೋ ಲಕ್ಷಣ ಇದೆ, ಅದರಿಂದ ಆಟದ ಮೇಲೆ ಪರಿಣಾಮ ಆಗಿರೋ ಸಾಧ್ಯತೆ ಇದೆ ಅಂದ್ರು. ಅಷ್ಟರಲ್ಲಿ ಇಡೀ ಜಗತ್ತು ತೀರ್ಪು ಕೊಟ್ಟಾಗಿತ್ತು. ಲಿವರ್‌ಪೂಲ್ ಪರ ಅವನು ಮತ್ತೆ ಒಂದೂ ಸ್ಪರ್ಧಾತ್ಮಕ ಮ್ಯಾಚ್ ಆಡ್ಲಿಲ್ಲ. ನಮಗೆ ಕಾಣೋದು ಜಾರಿದ ಕೈ ಅಷ್ಟೇ, ತಲೆ ಒಳಗೆ ಏನಾಗಿತ್ತು ಅಂತ ಯಾರಿಗೂ ಕಾಣ್ಲಿಲ್ಲ.

ಇನ್ನೊಂದು ಜರ್ಮನಿಯ ಗೋಲ್‌ಕೀಪರ್ ರಾಬರ್ಟ್ ಎಂಕೆ ವಿಷಯ. ಇದನ್ನ ಹೇಳುವಾಗ ನಾನು ಯಾವಾಗ್ಲೂ ಹುಷಾರಾಗಿರ್ತೀನಿ. 2003ರಲ್ಲಿ ಟರ್ಕಿಯ ಫೆನರ್‌ಬಾಚೆ ಪರ ಮೊದಲ ಲೀಗ್ ಮ್ಯಾಚಲ್ಲಿ 3-0 ಸೋತಾಗ ಸ್ವಂತ ಟೀಮಿನ ಅಭಿಮಾನಿಗಳೇ ಅವರ ಮೇಲೆ ಕೈಗೆ ಸಿಕ್ಕಿದ್ದು ಎಸೆದ್ರು, ಆ ಒಂದೇ ಮ್ಯಾಚಿಗೆ ಅವರು ಅಲ್ಲಿಂದ ಹೊರಟ್ರು. ಆಮೇಲೆ ಹ್ಯಾನೋವರ್‌ನಲ್ಲಿ ಚೆನ್ನಾಗಿ ಆಡಿ ಜರ್ಮನಿ ಟೀಮಿಗೂ ಬಂದ್ರು. 2006ರಲ್ಲಿ ಎರಡು ವರ್ಷದ ಮಗಳು ಹೃದಯದ ಕಾಯಿಲೆಯಿಂದ ತೀರಿಕೊಂಡಳು. 2009ರ ನವೆಂಬರ್ 10ರಂದು ಎಂಕೆ ಜೀವ ಕಳ್ಕೊಂಡ್ರು. ವರ್ಷಗಳಿಂದ ಖಿನ್ನತೆ ಇತ್ತು, ಹೊರಗೆ ಗೊತ್ತಾದ್ರೆ ಆಟ ಹೋಗತ್ತೆ ಅನ್ನೋ ಭಯಕ್ಕೆ ಮುಚ್ಚಿಟ್ಟಿದ್ರು ಅಂತ ಅವರ ಹೆಂಡತಿ ಮರುದಿನ ಎಲ್ಲರ ಮುಂದೆ ಹೇಳಿದ್ರು. ಅಭಿಮಾನಿಗಳಿಂದ ಹೀಗಾಯ್ತು ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಾಗೆ ಓದ್ಕೋಬೇಡಿ, ಖಿನ್ನತೆ ಒಂದೇ ಕಾರಣದಿಂದ ಬರೋ ಕಾಯಿಲೆ ಅಲ್ಲ. ನಾನು ಹೇಳ್ತಿರೋದು ಇಷ್ಟೇ, ಮೈದಾನದಲ್ಲಿ ನಿಂತಿರೋನು ಮನೆಯಿಂದ ಏನು ಹೊತ್ಕೊಂಡು ಬಂದಿದಾನೆ ಅಂತ ನಮಗೆ ಗೊತ್ತಿರಲ್ಲ.

ಹುಡುಗ ಇದಕ್ಕೆಲ್ಲಾ ಸುಮ್ನಿದ್ದ. ಗ್ರಾನಿಟ್ ಜಾಕಾ ವಿಷಯ ಹೇಳಿದಾಗ ಮಾತ್ರ ಎದ್ದು ಕೂತ. 2019ರ ಅಕ್ಟೋಬರ್ 27, ಇಂಗ್ಲೆಂಡಿನ ಆರ್ಸೆನಲ್ ಕ್ಲಬ್ ಕ್ಯಾಪ್ಟನ್ ಆಗಿದ್ದವನು ಮ್ಯಾಚ್ ಮಧ್ಯೆ ಇನ್ನೊಬ್ಬನಿಗೆ ಜಾಗ ಬಿಟ್ಟು ಹೊರಗೆ ಬರುವಾಗ ಸ್ವಂತ ಗ್ರೌಂಡಲ್ಲೇ ಕೂಗಿ ಹೀಯಾಳಿಸಿದ್ರು, ಅವನೂ ಸಿಟ್ಟಿಗೆದ್ದು ಜರ್ಸಿ ಬಿಚ್ಚಿ ನಡೆದುಬಿಟ್ಟ, ಕ್ಯಾಪ್ಟನ್ ಪಟ್ಟ ಹೋಯ್ತು. ಹೆಂಡತಿ, ಪುಟ್ಟ ಮಗಳ ಬಗ್ಗೆ ಬಂದಿದ್ದ ಮಾತುಗಳನ್ನ ಆಮೇಲೆ ಅವನೇ ಬರೆದುಕೊಂಡ. ಕ್ಲಬ್ ಬಿಟ್ಟೇ ಹೋಗ್ತಾನೆ ಅನ್ನೋ ಹಂತಕ್ಕೆ ಬಂದಾಗ ಹೊಸ ಕೋಚ್ ಆರ್ಟೆಟಾ ಹಿಡಿದು ನಿಲ್ಲಿಸಿದ್ರು. 2023ರ ಮೇನಲ್ಲಿ ಅದೇ ಗ್ರೌಂಡಲ್ಲಿ ಕೊನೇ ಮ್ಯಾಚಿಗೆ ಎರಡು ಗೋಲ್ ಹೊಡೆದ, ಹೋಗ್ಬೇಡ ಅಂತ ಜನ ಹಾಡಿದ್ರು. ಮುಂದಿನ ಸೀಸನ್ ಲೆವರ್‌ಕುಸೆನ್ ಕ್ಲಬ್ ಪರ ಒಂದೂ ಸೋಲಿಲ್ಲದೆ ಜರ್ಮನಿಯ ದೊಡ್ಡ ಲೀಗ್ ಬುಂಡೆಸ್‌ಲೀಗಾ ಗೆದ್ದ. "ಅದೇ ಜನಾನಾ?" ಅಂತ ಕೇಳಿದ ಹುಡುಗ. ಅದೇ ಗ್ಯಾಲರಿ, ಅದೇ ಜನ ಅಂದೆ.

ಸಲಹೆ ಏನು ಕೊಟ್ಟೆ ಅಂದ್ರೆ, ಮುಂದಿನ ಮ್ಯಾಚ್ ಪೂರ್ತಿ ಬಾಲ್ ನೋಡ್ಬೇಡಿ, ಆ ಸ್ಟ್ರೈಕರ್‌ನ ಮಾತ್ರ ನೋಡಿ ಅಂದೆ. ಕ್ಯಾಮೆರಾದಲ್ಲಿ ಅವನು ಇದ್ದಷ್ಟು ಹೊತ್ತು ಕಣ್ಣು ಕೀಳಬೇಡಿ. ಮ್ಯಾಚ್ ಮುಗಿದ್ಮೇಲೆ ಬೆಳಗಾಗೋವರೆಗೂ ಫೋನ್ ಹೆಂಡತಿ ಕೈಲಿ. ಬೆಳಿಗ್ಗೆನೂ ಬರೀಬೇಕು ಅನ್ಸಿದ್ರೆ ಆಟದ ಬಗ್ಗೆ ಬರೀರಿ: ಓಟ ತಡ ಆಯ್ತು, ಎಡಗಾಲಿಗೆ ಹಾಕೋ ಬಾಲ್ ಬಲಗಾಲಿಗೆ ತಗೊಂಡ, ಕೋಚ್ ಅವನನ್ನ ಎರಡು ವಾರ ಹೊರಗಿಡ್ಬೇಕು, ಏನು ಬೇಕಾದ್ರೂ. ತಾಳ್ಮೆ ಅಂದ್ರೆ ಬಾಯಿ ಮುಚ್ಕೊಂಡಿರೋದು ಅಂತ ನಾನು ಯಾವತ್ತೂ ಹೇಳಲ್ಲ. ಆಟಕ್ಕೆ ಟೀಕೆ ಇರ್ಲಿ, ಮನುಷ್ಯನಿಗೆ ಬೈಗುಳ ಬೇಡ.

ಅವನು ಬಂದು ಹೇಳಿದ್ದು ನಾನು ಊಹಿಸಿರ್ಲಿಲ್ಲ. ಮೊದಲ ಇಪ್ಪತ್ತು ನಿಮಿಷ ಆ ಸ್ಟ್ರೈಕರ್ ಕೈ ಎತ್ತಿ ಎತ್ತಿ ಬಾಲ್ ಕೇಳ್ತಿದ್ನಂತೆ, ಅವನು ಎಳ್ಕೊಂಡು ಹೋದ ಡಿಫೆಂಡರ್ ಬಿಟ್ಟ ಜಾಗದಲ್ಲೇ ಇನ್ನೊಬ್ಬ ಬಂದು ಗೋಲ್ ಹೊಡೆದ್ನಂತೆ, ಅದು ಯಾರ ಲೆಕ್ಕಕ್ಕೂ ಬರ್ಲಿಲ್ಲ. ಆಮೇಲೆ ಒಂದು ಸುಲಭದ ಚಾನ್ಸ್ ಮಿಸ್ ಮಾಡಿದ. "ಅದಾದ್ಮೇಲೆ ಕೈ ಎತ್ತೋದೇ ಬಿಟ್ಟ ಮೇಡಂ. ಆಟ ನಿಂತಾಗಲೆಲ್ಲಾ ಬಗ್ಗಿ ಸಾಕ್ಸ್ ಮೇಲೆ ಎಳ್ಕೊಳ್ಳೋದು, ಮತ್ತೆ ಎಳ್ಕೊಳ್ಳೋದು. ಸಾಕ್ಸ್ ಸರಿಯಾಗೇ ಇತ್ತು."

ಇನ್ನೊಂದು ಸಲಹೆ ಬಗ್ಗೆ ನನ್ನ ಜೊತೆಯವರೇ ಒಪ್ಪಲ್ಲ, ಅದನ್ನೂ ಬರೀತೀನಿ. ಆ 'ಸೀನ್' ಆಗಿದ್ದ ಮೆಸೇಜ್ ಕೆಳಗೆ ಸಾರಿ ಅಂತ ಬರೀಲಾ ಅಂತ ಕೇಳಿದ. ಬೇಡ ಅಂದೆ. ತಪ್ಪಾಯ್ತು ಅನ್ನೋ ಅವಕಾಶ ಕಿತ್ಕೊಂಡ್ರಿ ಅಂತ ಒಬ್ಬರು ನನ್ನನ್ನ ಬೈದ್ರು. ಆದ್ರೆ ನನಗೆ ಅನ್ಸಿದ್ದು ಬೇರೆ: ಆ ಸಾರಿ ಓದೋಕೆ ಆ ಪ್ಲೇಯರ್ ಮತ್ತೆ ಇವನ ಹೆಸರು ನೋಡ್ಬೇಕು, ಮೇಲಿರೋ ಮಾತು ಮತ್ತೆ ಕಣ್ಣಿಗೆ ಬೀಳತ್ತೆ, ಇವನ ಎದೆ ಹಗುರ ಆಗೋಕೆ ಅವನು ಇನ್ನೊಂದು ಸಲ ಯಾಕೆ ನೋಯ್ಬೇಕು? ಸುಮ್ನೆ ಎಲ್ಲಾ ಅಳಿಸಿ, ಮಾಡೋದಿದ್ರೆ ನಿಮ್ಮ ಫ್ಯಾನ್ ಗ್ರೂಪಲ್ಲಿ ಮಾಡಿ ಅಂದೆ, ಮುಂದಿನ ಸಲ ಯಾರಾದ್ರೂ ಅಂಥ ಮಾತು ಹಾಕಿದಾಗ ಒಂದೇ ಸಾಲು ಹೇಳಿ. ಈಗ್ಲೂ ನನ್ನ ಅಭಿಪ್ರಾಯ ಅದೇ.

ಹೇಳಿದ. ಮುಂದಿನ ಸೋಲಿನ ರಾತ್ರಿನೇ, "ಆಟದ ಬಗ್ಗೆ ಬೈಯಿರಿ, ಅವನ ಮನೆಯವ್ರನ್ನ ಬಿಡಿ" ಅಂತ ಹಾಕಿದ. ಇಬ್ಬರು ಚೆನ್ನಾಗಿ ಉಗಿದ್ರಂತೆ, ನೀನು ನಿಜವಾದ ಫ್ಯಾನೇ ಅಲ್ಲ ಅಂತ. ಉಳಿದವರು ಮಾತಾಡ್ಲಿಲ್ಲ. ಅವತ್ತು ನಿದ್ದೆ ಬಂತಾ ಅಂತ ಕೇಳಿದೆ, ತಡವಾಗಿ ಬಂತು ಅಂದ. ಎದ್ದು ಬಾಗಿಲವರೆಗೂ ಹೋದವನು ವಾಪಸ್ ಬಂದು ಫೋನ್ ತೋರಿಸಿದ. ಅದೇ ಗ್ರೂಪಿನ ಒಬ್ಬ ಬೆಳಗಿನ ಜಾವ ಅವನಿಗೆ ಮಾತ್ರ ಬರೆದಿದ್ದ: "ಬ್ರೋ, ನಾನೂ ತುಂಬಾ ಕಳ್ಸಿದೀನಿ. ಏನ್ ಮಾಡ್ಲಿ?"

"ಇವನನ್ನ ನಿಮ್ಹತ್ರ ಕಳಿಸ್ಲಾ ಮೇಡಂ?" ಅಂದ. ಗುರುವಾರ ಸಂಜೆ ಬರೋಕೆ ಹೇಳಿದೀನಿ.